ರೂವಾರಿಯ ರುಜು

ಯಾವುದಾದರೊಂದು ದೊಡ್ಡ ಕಾರ್ಯವನ್ನು ಮುಂದೆ ನಿಂತು ಸಾಧಿಸಿದವರನ್ನು ಪತ್ರಿಕೆಗಳು ಇಂದು ‘ರೂವಾರಿ’ ಎಂದು ಕರೆಯುತ್ತವೆ; ಆದರೆ ಹನ್ನೆರಡನೆಯ ಶತಮಾನದ ಕನ್ನಡದಲ್ಲಿ ಆ ಪದಕ್ಕಿದ್ದ ಅರ್ಥ ಸರಳವಾದದ್ದು, ಕಲ್ಲಿನಲ್ಲಿ ರೂಪವನ್ನು ಕಡೆಯುವವನು, ಅಂದರೆ ಶಿಲ್ಪಿ. ಉಳಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದವನ ಕಸುಬಿನ ಹೆಸರೇ ಕಾಲಾಂತರದಲ್ಲಿ ಹಿರಿಮೆಯ ಮಾತಾಗಿ ಏರಿದ್ದರ ಹಿಂದೆ, ಇರುವ ಕೆಲಸದಲ್ಲೇ ಸಂತೋಷವನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಬೇಕಾದ ಉತ್ತರದ ದೊಡ್ಡ ಭಾಗವೇ ಅಡಗಿದೆ, ಮತ್ತು ಆ ಉತ್ತರವನ್ನು ಓದಿಕೊಳ್ಳಲು ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಗಿಂತ ತಕ್ಕ ಜಾಗ ಸಿಗುವುದು ಕಷ್ಟ.

ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರೆಂದು ಹೆಸರಾದ ಸ್ತ್ರೀಶಿಲ್ಪಗಳು 42 ಇವೆ. ಇವುಗಳಲ್ಲಿ ಹಲವುಗಳ ಪೀಠದ ಮೇಲೆ ಕೆತ್ತಿದವನ ಹೆಸರೂ ಇರುವುದರಿಂದ, ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಿಂದ ಬಂದ ದಾಸೋಜ ನಾಲ್ಕನ್ನೂ ಅವನ ಮಗ ಚಾವಣ ಐದನ್ನೂ ಕಡೆದರೆಂದು ಒಂಬತ್ತು ಶತಮಾನಗಳ ಬಳಿಕವೂ ನಿಖರವಾಗಿ ಹೇಳಲು ಸಾಧ್ಯವಾಗಿದೆ. ಭಾರತದ ಬಹುಪಾಲು ಪ್ರಾಚೀನ ದೇವಾಲಯಗಳಲ್ಲಿ ಕಟ್ಟಿಸಿದ ದೊರೆಯ ಹೆಸರು ಉಳಿದು ಕಟ್ಟಿದವನ ಹೆಸರು ಅಳಿದುಹೋಗಿರುವಾಗ, ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನು, ಕೆಲವೆಡೆ ಊರನ್ನೂ ತಂದೆಯ ಹೆಸರನ್ನೂ ಬಿರುದುಗಳನ್ನೂ ಸೇರಿಸಿ ಕೆತ್ತಿಟ್ಟದ್ದು ಅಪರೂಪದ ಸಂಗತಿ. ಆದರೂ ಈ ಶಿಲ್ಪಿಗಳು ತಮಗೆ ಬೇಕಾದದ್ದನ್ನು ತಮ್ಮಿಷ್ಟದಂತೆ ಕೆತ್ತಲು ಸ್ವತಂತ್ರರಾಗಿರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ದೇವಾಲಯದ ನಕ್ಷೆ ಮೊದಲೇ ಗೊತ್ತಾಗಿತ್ತು, ದೇವತೆಗಳ ಕೈಗಳೆಷ್ಟು, ಆಯುಧಗಳಾವುವು, ಅಳತೆಯೇನು ಎಂಬುದನ್ನು ಶಿಲ್ಪಶಾಸ್ತ್ರ ಹೇಳಿತ್ತು, ಹಣ ಅರಸನದು ಅಥವಾ ದಂಡನಾಯಕನದು. ಇಂದಿನ ನೌಕರನ ಪಾಲಿಗೆ ಸುತ್ತೋಲೆ, ಗುರಿ, ಮೇಲಧಿಕಾರಿ ಹೇಗೋ ಅವರ ಪಾಲಿಗೆ ಇವೆಲ್ಲ ಹಾಗೆಯೇ ಇದ್ದವು. ಉಳಿದಿದ್ದ ಅವಕಾಶ ಕನ್ನಡಿ ಹಿಡಿದವಳ ಬೆರಳಿನ ಬಾಗು, ಹೆಗಲ ಮೇಲಿನ ಗಿಳಿಯ ನೋಟ, ಬಳ್ಳಿಯ ಸುರುಳಿಗಳ ನಡುವಿನ ಗೇಣುದ್ದದ ಜಾಗ. ಆ ಗೇಣುದ್ದದ ಜಾಗವನ್ನು ಅವರು ತಮ್ಮದಾಗಿ ಮಾಡಿಕೊಂಡರು.

ಹೊಯ್ಸಳರು ಬಳಸಿದ್ದು ಬಳಪದ ಕಲ್ಲನ್ನು. ಗಣಿಯಿಂದ ತೆಗೆದ ಹೊಸದರಲ್ಲಿ ಅದು ಮೃದುವಾಗಿದ್ದು, ಗಾಳಿ ಬಿಸಿಲಿಗೆ ಮೈಯೊಡ್ಡುತ್ತ ಗಟ್ಟಿಯಾಗುತ್ತದೆ. ಇದರಿಂದಾಗಿ ಆಭರಣದ ಎಳೆಯಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾದುದನ್ನು ಎಲ್ಲರೂ ಹೇಳುತ್ತಾರೆ. ಕೆಲಸಗಾರನ ಕಡೆಯಿಂದ ನೋಡಿದರೆ ಇನ್ನೊಂದು ಗುಣವೂ ಕಾಣುತ್ತದೆ: ಉಳಿಯ ಪ್ರತಿಯೊಂದು ಪೆಟ್ಟಿನ ಫಲ ಆ ಕ್ಷಣದಲ್ಲೇ ಕಣ್ಣೆದುರು ಮೂಡುವುದರಿಂದ, ಸರಿಯಾಯಿತೋ ತಪ್ಪಾಯಿತೋ ಎಂದು ತಿಳಿಯಲು ಶಿಲ್ಪಿ ಯಾರ ಮಾತಿಗೂ ಕಾಯಬೇಕಿರಲಿಲ್ಲ.

ಕೆಲಸದಿಂದ ಸಿಗುವ ಸಂತೋಷವನ್ನು ಇಪ್ಪತ್ತನೆಯ ಶತಮಾನದಲ್ಲಿ ಅಧ್ಯಯನ ಮಾಡಿದ ವಿದ್ವಾಂಸರು ತಲುಪಿದ ನಿರ್ಣಯಗಳು ಈ ಕಲ್ಲುಕೆಲಸದ ಗುಣಗಳಿಗೆ ಬಹಳ ಹತ್ತಿರವಾಗಿವೆ. ಅಮೆರಿಕದ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ 1970ರ ದಶಕದಲ್ಲಿ, ಒಂದು ಕೆಲಸ ಮನಸ್ಸಿಗೆ ಹಿಡಿಸಬೇಕಾದರೆ ಅದರಲ್ಲಿ ಬಗೆಬಗೆಯ ಕೌಶಲಕ್ಕೆ ಎಡೆಯಿರಬೇಕು, ಮೊದಲಿನಿಂದ ಕೊನೆಯವರೆಗೆ ಇಡಿಯಾದೊಂದು ವಸ್ತುವನ್ನು ಮಾಡಿದ ಭಾವ ಇರಬೇಕು, ಅದು ಬೇರೆಯವರಿಗೆ ಮುಖ್ಯವಾಗಿರಬೇಕು, ಮಾಡುವವನಿಗೆ ತೀರ್ಮಾನದ ಸ್ವಾತಂತ್ರ್ಯವಿರಬೇಕು, ಫಲದ ಅರಿವು ಕೆಲಸದಿಂದಲೇ ಬರಬೇಕು ಎಂದು ಪ್ರತಿಪಾದಿಸಿದರು. ಅವರಿಗಿಂತ ಮೊದಲೇ, 1959ರಲ್ಲಿ, ಫ್ರೆಡರಿಕ್ ಹರ್ಜ್‌ಬರ್ಗ್ ಇನ್ನೂ ಮೂಲಭೂತವಾದೊಂದು ಸಂಗತಿಯನ್ನು ತೋರಿಸಿದ್ದ. ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಪ್ರಶ್ನಿಸಿದಾಗ, ಬೇಸರಕ್ಕೆ ಕಾರಣವಾಗಿ ಅವರು ಹೇಳಿದ್ದು ಹೆಚ್ಚಾಗಿ ಸಂಸ್ಥೆಯ ನಿಯಮ, ಮೇಲ್ವಿಚಾರಣೆ, ಕೆಲಸದ ಪರಿಸರ, ಸಂಬಳಗಳ ಕುರಿತಾದರೆ, ಸಂತೋಷಕ್ಕೆ ಕಾರಣವಾಗಿ ಹೇಳಿದ್ದು ಸಾಧನೆ, ಮನ್ನಣೆ, ಹೊಣೆ ಮತ್ತು ಕೆಲಸದ ಸ್ವರೂಪವನ್ನೇ. ಅಂದರೆ ಬೇಸರದ ಕಾರಣಗಳನ್ನೆಲ್ಲ ತೊಡೆದುಹಾಕಿದ ಮಾತ್ರಕ್ಕೆ ಸಂತೋಷ ತಾನಾಗಿ ಬಂದು ಕೂರುವುದಿಲ್ಲ. ಅದರ ಬೇರು ಬೇರೆಡೆ ಇದೆ. ಕುರ್ಚಿ, ಫ್ಯಾನು, ಬಡ್ತಿ ಎಲ್ಲ ದೊರೆತ ಮೇಲೂ ಕಚೇರಿಯ ಮೆಟ್ಟಿಲು ಹತ್ತುವಾಗ ಕಾಲು ಭಾರವಾಗುವವರ ಸಂಕಟಕ್ಕೆ ಇದು ನಿಜವಾದ ವಿವರಣೆ.

ಹಂಗೇರಿ ಮೂಲದ ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ, ಚದುರಂಗ ಆಡುವವರು, ಬಂಡೆ ಏರುವವರು, ಶಸ್ತ್ರವೈದ್ಯರು ಮೊದಲಾದವರನ್ನು ಅಧ್ಯಯನ ಮಾಡಿ, ಮನುಷ್ಯ ಹೊತ್ತಿನ ಪರಿವೆಯನ್ನೇ ಮರೆತು ಕೆಲಸದಲ್ಲಿ ಮುಳುಗುವ ಸ್ಥಿತಿಗೆ ‘ಹರಿವು’ ಎಂಬರ್ಥದ ಹೆಸರು ಕೊಟ್ಟ. ಕೆಲಸ ಕೈಯ ಶಕ್ತಿಗಿಂತ ತೀರ ಸುಲಭವಾದರೆ ಜಡತೆ, ತೀರ ಕಠಿಣವಾದರೆ ಕಳವಳ, ಇವೆರಡರ ನಡುವೆ ಶಕ್ತಿಯನ್ನು ಸ್ವಲ್ಪವೇ ಮೀರಿ ಎಳೆಯುವ ಕೆಲಸದಲ್ಲಿ ಈ ತನ್ಮಯತೆ ಹುಟ್ಟುತ್ತದೆ ಎಂಬುದು ಅವನ ಸಿದ್ಧಾಂತ. 1989ರಲ್ಲಿ ಅವನೂ ಜುಡಿತ್ ಲಫೇವರ್ ಎಂಬ ಸಂಶೋಧಕಿಯೂ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕಿಂತ ಯೋಚಿಸತಕ್ಕ ಸಂಗತಿಯೊಂದು ಹೊರಬಂತು: ಈ ತನ್ಮಯತೆ ಜನರಿಗೆ ಬಿಡುವಿನ ವೇಳೆಗಿಂತ ಕೆಲಸದ ವೇಳೆಯಲ್ಲೇ ಹೆಚ್ಚಾಗಿ ಲಭಿಸುತ್ತಿತ್ತು, ಆದರೂ ಕೆಲಸದಲ್ಲಿರುವಾಗ ಅವರು ಬಯಸುತ್ತಿದ್ದುದು ಬಿಡುವನ್ನೇ. ಸಂತೋಷ ಕೈಯಲ್ಲಿದ್ದಾಗಲೂ ‘ಇದು ಬರೀ ದುಡಿಮೆ’ ಎಂಬ ಹಣೆಪಟ್ಟಿ ಅದನ್ನು ಕಾಣದಂತೆ ಮರೆಮಾಡಬಲ್ಲದು.

ಈ ಮಾತುಗಳೆಲ್ಲ ಕಲಾವಿದರಿಗೆ ಸರಿ, ದಿನಗೂಲಿಯವರಿಗೆ ಏನು ಎಂಬ ಆಕ್ಷೇಪಕ್ಕೆ ಕಣಕಟ್ಟೆಯ ಸುತ್ತಿನ ತೋಟಗಳಲ್ಲಿ ನಡೆಯುವ ಕೆಲಸವನ್ನು ನೋಡಬೇಕು. ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕಣಕಟ್ಟೆಯದು ಮಳೆ ಕೈಕೊಡುವ ಬಯಲುಸೀಮೆ; ರಾಗಿ ಊಟಕ್ಕೆ, ತೆಂಗು ಕಾಸಿಗೆ. ಇಲ್ಲಿನ ಕೊಬ್ಬರಿ ಬಿಸಿಲಲ್ಲಿ ಒಣಗಿಸಿದ ಹೋಳಲ್ಲ, ಇಡಿಯಾದ ಉಂಡೆ, ಜನರ ಬಾಯಲ್ಲಿ ಗಿಟುಕು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಇರಿಸಿದರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಿಸಿದಾಗ ಒಳಗೆ ಉರುಳಾಡುತ್ತದೆ. ಬಳಿಕ ಮಟ್ಟೆ ಸುಲಿದು, ಒಳಗಿನ ಗಿಟುಕು ಒಡೆಯದಂತೆ ಚಿಪ್ಪನ್ನು ಬಿಡಿಸಬೇಕು; ಇಡಿಯಾಗಿ ಬಂದರೆ ಒಳ್ಳೆಯ ಬೆಲೆ, ಒಡೆದರೆ ಬೆಲೆ ಇಳಿಯುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಬೆಳಗಿನಿಂದ ಸಂಜೆಯವರೆಗೆ ಒಂದೇ ಚಲನೆಯ ಯಾಂತ್ರಿಕ ದುಡಿಮೆ. ಆದರೆ ಸದ್ದಿನಿಂದ ಕಾಯಿಯ ಹದ ಗುರುತಿಸುವ ಕಿವಿ, ಚಿಪ್ಪು ಎಲ್ಲಿ ಬಿರುಕು ಬಿಡುತ್ತದೆಂದು ತಿಳಿದ ಕೈ, ಪ್ರತಿ ಪೆಟ್ಟಿಗೂ ಆಗಿಂದಾಗಲೇ ದೊರೆಯುವ ಉತ್ತರ, ಸಂಜೆ ಕಣ್ಣೆದುರಿಗಿರುವ ರಾಶಿ, ಇವೆಲ್ಲ ಸೇರಿದಾಗ ಬಳಪದ ಕಲ್ಲಿನ ಮುಂದೆ ಕುಳಿತವನಿಗೆ ಇದ್ದ ಸೌಲಭ್ಯಗಳಲ್ಲಿ ಹಲವು ಈ ಕೂಲಿಯವನಿಗೂ ಇವೆ. ಇಲ್ಲದಿರುವುದು ಹೆಸರು ಮಾತ್ರ: ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿದಾಗ ತೋಟದ ಒಡೆಯನ ಹೆಸರು ಕೇಳಿಬರುತ್ತದೆ, ಒಂದೂ ಒಡೆಯದಂತೆ ಚಿಪ್ಪು ಬಿಡಿಸಿದವನದು ಕೇಳಿಬರುವುದಿಲ್ಲ.

ಕೆಲಸದ ಸ್ವರೂಪವನ್ನು ಒಳಗಿನಿಂದಲೇ ತಿದ್ದಿಕೊಳ್ಳುವ ಬಗೆಯನ್ನು 2001ರಲ್ಲಿ ಏಮಿ ರೆಜ್ನೆಸ್ಕಿ ಮತ್ತು ಜೇನ್ ಡಟ್ಟನ್ ಎಂಬ ಅಮೆರಿಕದ ವಿದುಷಿಯರು ಸಿದ್ಧಾಂತವಾಗಿ ಮಂಡಿಸಿದರು. ‘ಕೆಲಸವನ್ನು ಕಡೆದುಕೊಳ್ಳುವುದು’ ಎಂದರೆ ಅದರ ಆಶಯ ಕನ್ನಡದಲ್ಲಿ ಚೆನ್ನಾಗಿ ಮೂಡುತ್ತದೆ. ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವವರನ್ನು ಗಮನಿಸಿದ ಅವರಿಗೆ, ಒಂದೇ ಹುದ್ದೆ, ಒಂದೇ ಬಗೆಯ ಕರ್ತವ್ಯವಿದ್ದರೂ ಎರಡು ಬಗೆಯ ಜನ ಕಂಡರು. ಕೆಲವರು ಹೇಳಿದಷ್ಟು ಗುಡಿಸಿ ಹೋಗುತ್ತಿದ್ದರು. ಇನ್ನು ಕೆಲವರು ತಮ್ಮನ್ನು ರೋಗಿಯನ್ನು ಗುಣಪಡಿಸುವ ಕಾರ್ಯದ ಭಾಗವೆಂದು ತಿಳಿದು, ರೋಗಿಗಳೊಡನೆ ನಾಲ್ಕು ಮಾತಾಡಿ, ಬಂದವರಿಗೆ ದಾರಿ ತೋರಿಸಿ, ದಾದಿಯರ ಅನುಕೂಲ ನೋಡಿ ತಮ್ಮ ಕೆಲಸದ ಕ್ರಮವನ್ನು ಹೊಂದಿಸಿಕೊಳ್ಳುತ್ತಿದ್ದರು. ಎರಡನೆಯವರಿಗೆ ಕೆಲಸ ಹೆಚ್ಚಾಗಿತ್ತು, ಹುರುಪೂ ಹೆಚ್ಚಾಗಿತ್ತು. ಮಾಡುವ ಕೆಲಸಗಳ ವಿಂಗಡಣೆ, ಒಡನಾಡುವ ಜನ, ಕೆಲಸದ ಬಗೆಗಿನ ತಿಳಿವಳಿಕೆ, ಈ ಮೂರನ್ನೂ ಮೇಲಿನವರ ಆಜ್ಞೆಯಿಲ್ಲದೆಯೂ ಸ್ವಲ್ಪಮಟ್ಟಿಗೆ ಬದಲಿಸಿಕೊಳ್ಳಬಹುದು ಎಂಬುದು ಅವರ ಪ್ರತಿಪಾದನೆ.

ಹಳ್ಳಿಗಳಿಗೆ ಇದು ಹೊಸದೇನಲ್ಲ. ರಾಗಿ ಬೀಸುವಾಗ ಹಾಡುವ ಬೀಸುವ ಪದಗಳು ಕಲ್ಲಿನ ಭಾರವನ್ನು ಒಂದು ಗುಂಜಿಯೂ ಇಳಿಸುತ್ತಿರಲಿಲ್ಲ, ಆದರೆ ಬೀಸುವ ಹೊತ್ತನ್ನು ಹಾಡುವ ಹೊತ್ತಾಗಿ ಮಾರ್ಪಡಿಸುತ್ತಿದ್ದವು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳಿನ ಪದ್ಧತಿ ಒಂಟಿ ದುಡಿಮೆಯನ್ನು ಹತ್ತು ಜನರ ಒಡನಾಟವಾಗಿಸುತ್ತಿತ್ತು. ಬೇಲೂರಿನ ಶಿಲ್ಪಿಗಳು ಬದುಕಿದ್ದ ಶತಮಾನದಲ್ಲೇ ಕಲ್ಯಾಣದ ಶರಣರು ದುಡಿಮೆಗೆ ‘ಕಾಯಕ’ ಎಂಬ ಹೆಸರಿಟ್ಟು, ಹಗ್ಗ ಹೊಸೆಯುವ ನುಲಿಯ ಚಂದಯ್ಯನನ್ನೂ ದೋಣಿ ನಡೆಸುವ ಅಂಬಿಗರ ಚೌಡಯ್ಯನನ್ನೂ ಅವರವರ ಕಸುಬಿನ ಹೆಸರಿನಿಂದಲೇ ಗೌರವಿಸಿದರು. ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಹೆಚ್ಚಾಗಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳೆಂಬ ಕಥೆಯಲ್ಲಿ, ಅತ್ಯಂತ ಸಣ್ಣ ಕೆಲಸಕ್ಕೂ ಅಳತೆಯನ್ನು ನಿಗದಿ ಮಾಡುವ ಅಧಿಕಾರ ಮಾಡುವವರದೇ ಆಗಿದೆ. ಈಚೆಗೆ ಕಾಯಕದ ಮಾತನ್ನು ಬಾಯಿ ಮುಚ್ಚಿಕೊಂಡು ದುಡಿಯಿರಿ ಎಂಬ ಉಪದೇಶವಾಗಿ ಬಳಸುವವರು ಈ ಅಧಿಕಾರದ ಅಂಶವನ್ನು ಕೈಬಿಟ್ಟಿದ್ದಾರೆ, ಮತ್ತು ಅದು ದೊಡ್ಡ ಅನ್ಯಾಯ.

ಏಕೆಂದರೆ ಸಂತೋಷ ಕೂಲಿಗೆ ಬದಲಿಯಾಗಲಾರದು. ಸಂಬಳ ಸಮಯಕ್ಕೆ ಬಾರದಿದ್ದರೆ, ಅವಮಾನ ದಿನನಿತ್ಯದ್ದಾದರೆ, ಜೀವಕ್ಕೆ ಅಪಾಯವಿದ್ದರೆ, ಅಲ್ಲಿ ಬೇಕಾದದ್ದು ಮನೋಭಾವದ ತಿದ್ದುಪಡಿಯಲ್ಲ, ನ್ಯಾಯ. ಬೇಲೂರಿನ ಗೋಡೆಗಳಲ್ಲೂ ನ್ಯಾಯದ ಈ ಕೊರತೆ ಕಾಣುತ್ತದೆ; ದಾಸೋಜ, ಚಾವಣ, ಮಲ್ಲಿಯಣ್ಣ, ನಾಗೋಜರ ಹೆಸರುಗಳಿವೆ, ಆದರೆ ಗಣಿಯಿಂದ ಕಲ್ಲು ಹೊತ್ತು ತಂದವರ ಹೆಸರಿಲ್ಲ.

ಆದುದರಿಂದ ಇರುವ ಕೆಲಸದಲ್ಲಿ ಸುಖ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದದ್ದು, ದಿನದ ದುಡಿಮೆಯಲ್ಲಿ ತನ್ನ ಕೈಯ ಗುರುತು ಉಳಿಯುವ ಆ ಗೇಣುದ್ದದ ಜಾಗ ಯಾವುದು ಎಂಬುದನ್ನು. ಹಳ್ಳಿಯ ಬಸ್ಸಿನ ನಿರ್ವಾಹಕನಿಗೆ ಅದು ಸಂತೆಗೆ ಹೊರಟ ಮುದುಕಿಯ ಬುಟ್ಟಿಯನ್ನು ಇಳಿಸಿಕೊಡುವುದರಲ್ಲಿರಬಹುದು, ಗ್ರಾಮ ಪಂಚಾಯಿತಿಯ ಗುಮಾಸ್ತನಿಗೆ ಯಾರು ತೆರೆದರೂ ಅರ್ಥವಾಗುವಂತೆ ಕಡತವನ್ನು ಜೋಡಿಸುವುದರಲ್ಲಿ, ಅಂಗನವಾಡಿಯ ಕಾರ್ಯಕರ್ತೆಗೆ ತೂಕದ ಪಟ್ಟಿಯಲ್ಲಿ ಮೇಲಕ್ಕೇರಿದ ಒಂದು ಮಗುವಿನ ಗೆರೆಯಲ್ಲಿ. ಆ ಜಾಗ ಗೊತ್ತಾದ ಮೇಲೆ ಅಲ್ಲಿ ನಿನ್ನೆಗಿಂತ ತುಸು ಕಠಿಣವಾದದ್ದನ್ನು ತನಗೆ ತಾನೇ ಒಡ್ಡಿಕೊಳ್ಳುವುದು, ಫಲ ಕಾಣದ ಕೆಲಸಕ್ಕೆ ಫಲ ಕಾಣುವ ಅಳತೆಯೊಂದನ್ನು ಮಾಡಿಕೊಳ್ಳುವುದು, ಜೊತೆಗಾರರ ಕೈಚಳಕವನ್ನು ಬಾಯಿತುಂಬ ಹೊಗಳುವುದು ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ. ಅಪ್ಪಣೆ ಕೊಡುವ ಸ್ಥಾನದಲ್ಲಿರುವವರು ಮಾಡಬೇಕಾದದ್ದು ಇನ್ನೂ ಸುಲಭ: ಆ ಜಾಗವನ್ನು ಕಿತ್ತುಕೊಳ್ಳದಿರುವುದು, ಮತ್ತು ಕೆಲಸ ಮುಗಿದಾಗ ಮಾಡಿದವರ ಹೆಸರನ್ನು ಬರೆಯಲು ಬಿಡುವುದು.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಭುವನೇಶ್ವರಿಗಳನ್ನು, ಅಂದರೆ ಒಳಮಾಡಿನ ಗುಮ್ಮಟಗಳನ್ನು, ಅಲಂಕರಿಸುವುದರೊಂದಿಗೆ ರೂವಾರಿ ಮಲ್ಲಿತಮ್ಮನ ವೃತ್ತಿ ಆರಂಭವಾಯಿತೆಂದು ಇತಿಹಾಸಕಾರ ಷ. ಶೆಟ್ಟರ್ ಶಾಸನಗಳ ಆಧಾರದಿಂದ ಗುರುತಿಸಿದ್ದಾರೆ. ಅದೇ ಹೆಸರು 1246ರ ನುಗ್ಗೇಹಳ್ಳಿಯ ದೇವಾಲಯದಲ್ಲೂ ಅದೇ ಶತಮಾನದ ಸೋಮನಾಥಪುರದ ದೇವಾಲಯದಲ್ಲೂ ಕಲ್ಲಿನ ಮೇಲೆ ಇಂದಿಗೂ ಓದಲು ಸಿಗುತ್ತದೆ.