ಮೋಟರು ಬದಲಾಯಿತು, ದೋಷ ಬದಲಾಗಲಿಲ್ಲ

ಕಳೆದ ಬೇಸಗೆಯಲ್ಲಿ ಕಕ್ಷಿಗಾರರೊಬ್ಬರು ನನ್ನ ಕಚೇರಿಗೆ ಬಂದು, ಮೇಜಿನ ಮೇಲೆ ಎರಡು ರಸೀದಿಗಳನ್ನಿಟ್ಟು, ನಮ್ಮೂರಿನ ಗ್ಯಾರೇಜೊಂದಕ್ಕೆ ನೋಟೀಸು ಕಳುಹಿಸಬೇಕೆಂದರು. ಕೊಲ್ಲಿ ನಾಡಿನಲ್ಲಿ ಇಪ್ಪತ್ತು ವರ್ಷ ದುಡಿದು ಮರಳಿದ ಅವರು, ಎಳವೆಯ ಆಸೆಯನ್ನು ತೀರಿಸಿಕೊಳ್ಳಲು ಎರಡೇ ಆಸನಗಳ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದರು. ಬೆಳಿಗ್ಗೆ ಅದು ತಕರಾರಿಲ್ಲದೆ ಹೊರಡುತ್ತಿತ್ತು. ಆದರೆ ಕಾಸರಗೋಡು ಪೇಟೆಯವರೆಗೆ ಓಡಿ ನಿಂತ ಮೇಲೆ ಚಾವಿ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು, ಮತ್ತೆ ಮೌನ. ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಮೊದಲು ಬ್ಯಾಟರಿ ಬದಲಾಯಿತು, ಆಮೇಲೆ ಸ್ಟಾರ್ಟರ್ ಮೋಟರೇ ಬದಲಾಯಿತು. ದೋಷ ಇದ್ದಲ್ಲೇ ಇತ್ತು. (ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರುಗಳು ಬೇಡ.)

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸೇವೆಯ ನ್ಯೂನತೆಗಾಗಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೆ ಎರಡು ವರ್ಷಗಳ ಅವಧಿಯಿದೆ. ಅವಸರವೇನೂ ಇರಲಿಲ್ಲ. ದೋಷ ಯಾವುದೆಂದೇ ತಿಳಿಯದೆ ಅದನ್ನು ಸರಿಪಡಿಸಲಿಲ್ಲವೆಂದು ವಾದಿಸುವುದು ಹೇಗೆ? ನೋಟೀಸನ್ನು ಒಂದು ವಾರ ತಡೆಹಿಡಿದೆ.

ಪ್ರಕರಣವನ್ನು ಕೈಗೆತ್ತಿಕೊಳ್ಳುವ ಮುನ್ನ ಪೂರ್ವನಿದರ್ಶನ ಹುಡುಕುವುದು ನಮ್ಮ ವೃತ್ತಿಯ ಚಾಳಿ. ಇಲ್ಲಿಯೂ ಒಂದು ಸಿಕ್ಕಿತು. 1969ರಿಂದ 1976ರವರೆಗೆ ತಯಾರಾದ ಪೋರ್ಷೆ 914 ಎಂಬ ಜರ್ಮನ್ ಕಾರು ಇದೇ ಕಾಯಿಲೆಗೆ ಹೆಸರಾದುದು. ಅದರ ಎಂಜಿನ್ ಆಸನಗಳ ಹಿಂದಿದೆ. ಸ್ಟಾರ್ಟರ್ ಇನ್ನೂ ಹಿಂದೆ, ಹೊಗೆಕೊಳವೆಗಳ ಬಿಸಿಯ ನೆರೆಯಲ್ಲಿ. ಬ್ಯಾಟರಿಯೂ ಎಂಜಿನಿನ ಪಕ್ಕದಲ್ಲೇ. ಚಾವಿ ಮಾತ್ರ ಮುಂದೆ, ಸ್ಟಿಯರಿಂಗ್ ಬಳಿ. ಹೀಗಾಗಿ ಸ್ಟಾರ್ಟರನ್ನು ಎಚ್ಚರಿಸುವ ವಿದ್ಯುತ್ತು ಹಿಂದಿನಿಂದ ಮುಂದಕ್ಕೆ ಬಂದು, ಚಾವಿಯ ಸ್ವಿಚ್ಚನ್ನು ದಾಟಿ, ಮತ್ತೆ ಹಿಂದಕ್ಕೆ ಹೋಗಬೇಕು. ನಮ್ಮ ಕಕ್ಷಿಗಾರರ ಕಾರಿನ ರಚನೆಯೂ ಹೆಚ್ಚುಕಡಿಮೆ ಇದೇ ರೀತಿಯದು.

ಮರುದಿನ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಮುಖ ಬಾಡಿತ್ತು. “ವಕೀಲರೇ, ಮೋಟರು ಹೊಸತೇ ಹಾಕಿದ್ದೇನೆ, ಬಿಲ್ಲು ಉಂಟು. ಇನ್ನು ನಾನು ಎಂತ ಮಾಡಲಿ?” ಎಂದರು. ಊರಿನ ನಾಲ್ಕು ಶಾಲಾ ವ್ಯಾನುಗಳು ಅವರನ್ನೇ ನಂಬಿಕೊಂಡಿದ್ದವು; ನೋಟೀಸಿನ ಸುದ್ದಿ ಹಬ್ಬಿದರೆ ಆಗುವ ನಷ್ಟ ಆ ಎರಡು ರಸೀದಿಗಳಿಗಿಂತ ದೊಡ್ಡದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದ ಅವರ ಮಗಳು ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದಳು.

ನಾನು ಕೇಳಿದ್ದು ಒಂದೇ ಪ್ರಶ್ನೆ: “ಕಾರು ಹಟ ಹಿಡಿದ ಹೊತ್ತಿನಲ್ಲೇ ಅಳತೆ ಮಾಡಿದ್ದೀರಾ?” ಇಲ್ಲ. ಎಂಜಿನ್ ತಣ್ಣಗಿದ್ದಾಗ ಬ್ಯಾಟರಿಯನ್ನು ನೋಡಿದ್ದರು, ತಂತಿಗಳಿಗೆ ಮೀಟರು ಹಿಡಿದಿದ್ದರು, ಎಲ್ಲವೂ ಸರಿಯಿತ್ತು. ಪಾಟೀಸವಾಲಿಗೆ ಒಡ್ಡದ ಸಾಕ್ಷಿ ಯಾವಾಗಲೂ ಸುಭಗನಂತೆಯೇ ಕಾಣುತ್ತಾನೆ.

ಸ್ಟಾರ್ಟರಿನ ಬೆನ್ನ ಮೇಲೆ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಇರುತ್ತದೆ. ಚಾವಿ ತಿರುಗಿಸಿದಾಗ ಅದು ಒಳಗಿನ ಕಬ್ಬಿಣದ ಸರಳನ್ನು ಸೆಳೆದು, ಮೋಟರಿನ ಪುಟ್ಟ ಹಲ್ಲುಚಕ್ರವನ್ನು ಎಂಜಿನಿನ ದೊಡ್ಡ ಚಕ್ರಕ್ಕೆ ಜೋಡಿಸಿ, ಬ್ಯಾಟರಿಯ ದಪ್ಪ ತಂತಿಯನ್ನು ಮೋಟರಿಗೆ ಕೂಡಿಸುತ್ತದೆ. ಆ ಸೆಳೆತ ದುರ್ಬಲವಾದರೆ ‘ಟಕ್’ ಮಾತ್ರ ಕೇಳುತ್ತದೆ. ಮೋಟರು ಎಷ್ಟು ಹೊಸತಾದರೂ ಅದಕ್ಕೆ ವಿದ್ಯುತ್ತೇ ತಲುಪುವುದಿಲ್ಲ.

ಕಾರನ್ನು ಮುಕ್ಕಾಲು ಗಂಟೆ ಓಡಿಸಿ ತಂದೆವು. ಗಿಯರು ನ್ಯೂಟ್ರಲ್, ಕೈಬ್ರೇಕು ಎಳೆದದ್ದು. ಕಕ್ಷಿಗಾರರು ಚಾವಿ ತಿರುಗಿಸಿದರು: ‘ಟಕ್’. ಆ ಕ್ಷಣದಲ್ಲಿ ಬ್ಯಾಟರಿಯ ತುದಿಗಳ ನಡುವೆ 12.1 ವೋಲ್ಟ್ ಇತ್ತು. ಸೊಲೆನಾಯ್ಡಿಗೆ ಚಾವಿಯ ತಂತಿ ಸೇರುವ ತುದಿಯಲ್ಲಿ 8.1. ಅರ್ಥ್ ತಂತಿಯ ಕಡೆ ನೋಡಿದರೆ ನಷ್ಟ 0.1 ಮಾತ್ರ, ಅದು ನಿರ್ದೋಷಿ. ಕ್ಲಾಂಪ್ ಮೀಟರು ಚಾವಿಯ ತಂತಿಯಲ್ಲಿ ಸುಮಾರು 40 ಆಂಪಿಯರ್ ತೋರಿಸಿತು.

“ಅಪ್ಪ, ನಾಲ್ಕು ವೋಲ್ಟಿನ ವಿಭವಾಂತರ ದಾರಿಯಲ್ಲೇ ಹೋಗಿದೆ. ನಾಲ್ಕನ್ನು ನಲವತ್ತರಿಂದ ಭಾಗಿಸಿದರೆ ರೋಧ 0.1 ಓಮ್,” ಎಂದಳು ಹುಡುಗಿ, ನೋಟುಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತ. ನಾನಿನ್ನೂ ಮೀಟರನ್ನೇ ನೋಡುತ್ತಿದ್ದೆ.

ಹತ್ತನೇ ಒಂದು ಓಮ್! ಸಾಮಾನ್ಯ ಮೀಟರಿನ ಕಡ್ಡಿತಂತಿಗಳಲ್ಲೇ ಅಷ್ಟು ರೋಧ ಇರುತ್ತದೆ; ಅದಕ್ಕೇ ನಿಂತ ಕಾರಿನಲ್ಲಿ ಅದು ಸಿಕ್ಕಿರಲಿಲ್ಲ. ಸವೆದ ಸ್ವಿಚ್ಚಿನ ಸಂಪರ್ಕ, ಕಿಲುಬು ಹಿಡಿದ ಕೂಡುಬಿಂದುಗಳು, ಉದ್ದನೆಯ ಸಪೂರ ತಂತಿ ಸೇರಿ ಕದ್ದದ್ದು ಈ ನಾಲ್ಕು ವೋಲ್ಟು. ಬೆಳಿಗ್ಗೆ ಮಾತ್ರ ಹೇಗೆ ಹೊರಡುತ್ತಿತ್ತು? ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.4ರಷ್ಟು ಏರುತ್ತದೆ. ಸುರುಳಿ ಅರುವತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರೋಧ ಸುಮಾರು ಕಾಲುಭಾಗ ಹೆಚ್ಚಿ, ಸೆಳೆತ ಇನ್ನಷ್ಟು ಕುಗ್ಗುತ್ತದೆ. ತಣ್ಣಗಿದ್ದಾಗ ಹೇಗೋ ಸಾಕಾಗುತ್ತಿದ್ದ ಶಕ್ತಿ ಬಿಸಿಯಲ್ಲಿ ಸಾಲದಾಯಿತು.

ಪರಿಹಾರ ಅಗ್ಗದ್ದೇ. ಸ್ಟಾರ್ಟರಿನ ಬಳಿ, ಬಿಸಿ ತಾಗದಲ್ಲಿ, ಒಂದು ರಿಲೇ ಕೂರಿಸಿದರು. ಇನ್ನು ಚಾವಿಯ ತಂತಿ ರಿಲೇಯನ್ನು ಎಚ್ಚರಿಸಿದರೆ ಸಾಕು. ಅದಕ್ಕೆ ಬೇಕಾದದ್ದು ಕಾಲು ಆಂಪಿಯರಿಗಿಂತ ಕಡಿಮೆ. ಸೊಲೆನಾಯ್ಡಿನ ಭಾರವನ್ನು ಬ್ಯಾಟರಿಯಿಂದ ನೇರವಾಗಿ, ಫ್ಯೂಸಿನ ಮೂಲಕ ಎಳೆದ ದಪ್ಪ ತಂತಿ ಹೊರುತ್ತದೆ. 914ರ ಮಾಲಿಕರಲ್ಲಿ ಬಹಳ ಮಂದಿ ಮಾಡಿಕೊಂಡದ್ದೂ ಇದನ್ನೇ. ಆದರೆ ರಿಲೇ ಹಾಕಿ ಸವೆದ ಸ್ವಿಚ್ಚನ್ನು ಮರೆಯುವುದು ನನಗೆ ಸರಿಕಾಣಲಿಲ್ಲ, ಅದನ್ನೂ ಬದಲಿಸಿದರು. ಮತ್ತೆ ಬಿಸಿ ಮಾಡಿ ಅಳೆದಾಗ ಸೊಲೆನಾಯ್ಡಿಗೆ ಸಿಕ್ಕಿದ್ದು 11.6 ವೋಲ್ಟು. ಹತ್ತು ಸಲ ಚಾವಿ ತಿರುಗಿಸಿದೆವು. ಹತ್ತು ಸಲವೂ ಹೊರಟಿತು.

ತೆಗೆದಿಟ್ಟಿದ್ದ ಹಳೆಯ ಮೋಟರನ್ನು ಬೆಂಚಿನ ಮೇಲೆ ಬಿಗಿದು ಪರೀಕ್ಷಿಸಿದಾಗ ಅದೂ ಚೆನ್ನಾಗಿಯೇ ತಿರುಗಿತು. ಮೆಕ್ಯಾನಿಕ್ ಬಹಳ ಹೊತ್ತು ಮಾತನಾಡಲಿಲ್ಲ. ಅವರು ವಂಚಿಸಿರಲಿಲ್ಲ, ಅಳೆಯದೆ ತೀರ್ಪು ಕೊಟ್ಟಿದ್ದರು. ಆದರೂ ಕಕ್ಷಿಗಾರರ ಹಣ ಹೋದದ್ದು ನಿಜವೇ. ಮೋಟರು ಬದಲಿಸಿದ ಕೂಲಿಯನ್ನು ಅವರು ಹಿಂದಿರುಗಿಸಿದರು, ರಿಲೇಯ ಕೆಲಸಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಕಕ್ಷಿಗಾರರು ಹೊಸ ಮೋಟರಿನ ಬೆಲೆಯನ್ನು ಕೇಳಲಿಲ್ಲ. ಹಳೆಯದನ್ನು ಗೋಣಿಯಲ್ಲಿ ಸುತ್ತಿ, ಆಸನದ ಪಕ್ಕದಲ್ಲಿಟ್ಟುಕೊಂಡು ಮನೆಗೆ ಹೊರಟರು. ಬೆರಳಚ್ಚಾಗಿದ್ದ ನೋಟೀಸನ್ನು ನಾನು ಕಡತದಿಂದ ತೆಗೆದೆ.