ಜಾತ್ರೆಗೆ ಹೊರಟ ರೊಟ್ಟಿ

ಪುಷ್ಯದ ಬಿಸಿಲು ಏರುವ ಮೊದಲೇ ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರು. ಗವಿಮಠದ ಜಾತ್ರೆ ಹತ್ತಿರ ಬಂತು. ದಾಸೋಹಕ್ಕೆ ಬಂಡಿ, ಟ್ರ್ಯಾಕ್ಟರ್ ತುಂಬ ರೊಟ್ಟಿ ಹೋಗಬೇಕು. ಗುಡಿಯ ಅಂಗಳದಲ್ಲಿ ಸಾಲು ಒಲೆ, ಕಣ್ಣುರಿಸುವ ಹೊಗೆ, ಬಳೆಗಳ ಸದ್ದು. ಎಸರಿನಲ್ಲಿ ನಾದಿದ ಹಿಟ್ಟು ಅಂಗೈಯಗಲದಿಂದ ಮೊರದಗಲಕ್ಕೆ ಹರಡಿಕೊಂಡು ಹಂಚಿಗೆ ಬೀಳುತ್ತದೆ. ಒದ್ದೆ ಅರಿವೆ ಅದರ ಮೇಲೆ ಸರ್ರನೆ ಹಾಯುತ್ತದೆ. ಚುಂಯ್ ಎಂದು ಹಬೆ.

ರೊಟ್ಟಿ ಬಿರಿಯದಿರಲೆಂದು ಸವರುವ ನೀರು, ಹಿಟ್ಟು ಕುಡಿದ ಎಸರು, ಎರಡೂ ಸೇರಿ ಇನ್ನೊಂದು ಕೆಲಸ ಮಾಡುತ್ತವೆ. ಹೊಲದ ಮಣ್ಣಿನಿಂದ, ಗಿರಣಿಯ ದೂಳಿನಿಂದ ಬೂಸರಿನ ಬೀಜಕಣಗಳು ಹಿಟ್ಟಿಗೆ ಬಂದೇ ಬಂದಿರುತ್ತವೆ. ಒಣಗಿದ್ದಾಗ ಅವು ಗಟ್ಟಿ ಜೀವ, 100 ಡಿಗ್ರಿ ಬಿಸಿಯನ್ನೂ ತಾಳಿಯಾವು. ತೇವವಿದ್ದರೆ 60–70 ಡಿಗ್ರಿಯಲ್ಲೇ ಬಹುಪಾಲು ಕಣಗಳು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಕಣದೊಳಗಿನ ಪ್ರೋಟೀನು ನೀರಿನ ಸಂಗಡ ಕಾದರೆ ಬೇಗ ಕೆಡುತ್ತದೆ. ನೀರಿಲ್ಲದಾಗ ಬಿಗಿದುಕೊಂಡು ತನ್ನ ಆಕಾರ ಬಿಟ್ಟುಕೊಡದು.

ಬೆಂದ ರೊಟ್ಟಿ ಕೆಂಡದ ಪಕ್ಕ ಒರಗಿ ಖಡಕ್ ಆಗುತ್ತದೆ. ಅವಸರದ ಹುಡುಗಿಯೊಬ್ಬಳು ಬುಟ್ಟಿಗೆ ಕೈಹಾಕಿದರೆ ಹಿರಿಯಾಕೆ ತಡೆಯುತ್ತಾಳೆ: "ಇನ್ನಾ ಮೆತ್ತಗದ ತಂಗಿ, ಈಗ ಮುಚ್ಚಿಟ್ರ ಬೂಸರು ಬರತದ." ಆಕೆಯ ಮಾತು ನೂರಕ್ಕೆ ನೂರು ನಿಜ. ಬಿಸಿ ರೊಟ್ಟಿ ಒಟ್ಟಿದರೆ ಹಬೆ ಒಳಗೇ ನೀರಾಗುತ್ತದೆ. ಗಾಳಿಯಿಂದ ಹೊಸದಾಗಿ ಬಂದು ಕೂತ ಕಣಕ್ಕೆ ಅಷ್ಟು ಸಾಕು. ಪೂರಾ ಒಣಗಿದ ರೊಟ್ಟಿಯ ಮೇಲೆ ಅದೇ ಕಣ ಸಾಯದು, ಮೊಳೆಯದು, ಸುಮ್ಮನೆ ಬಿದ್ದಿರುತ್ತದೆ. ಪುಷ್ಯದ ಒಣಗಾಳಿ ಇರುವ ತನಕ ಚಿಂತೆಯಿಲ್ಲ. ಶ್ರಾವಣದ ಜಿಟಿಮಳೆಯಲ್ಲಿ ಡಬ್ಬಿ ತೆರೆದಿಟ್ಟರೆ ಎದ್ದು ಕೂರುತ್ತದೆ.

ಹಂಚಿನ ಕೈ ಮೀರಿದ್ದೂ ಒಂದಿದೆ. 1995ರಲ್ಲಿ ಮಳೆಗೆ ತೊಯ್ದು ಬೂಸರು ಹಿಡಿದ ಜೋಳ, ಮೆಕ್ಕೆಜೋಳ ಉಂಡು ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳ ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಕಾಳಿನಲ್ಲಿದ್ದದ್ದು ಫ್ಯುಮೊನಿಸಿನ್ ಎಂಬ ವಿಷ. ಬೂಸರನ್ನು ಕೊಲ್ಲುವ ಬಿಸಿ ಅದು ಕಾರಿದ ವಿಷವನ್ನು ಕೊಲ್ಲಲಾರದು. ಹಿಂಗಾರಿ ಬಿಳಿಜೋಳ ಮಳೆ ಮುಗಿದ ಮೇಲೆ ಮಾಗುವುದರಿಂದ ಸಾಮಾನ್ಯವಾಗಿ ಈ ಕಾಟ ತಪ್ಪಿಸಿಕೊಳ್ಳುತ್ತದೆ. ತೆನೆಕಟ್ಟಿ ನೆನೆದ ಮುಂಗಾರಿ ಜೋಳ ಕಪ್ಪಿಡುತ್ತದೆ. ಅದಕ್ಕೇ ರೊಟ್ಟಿ ಬಡಿಯುವ ಕೈಚಳಕಕ್ಕಿಂತ, ಗಿರಣಿಗೆ ಒಯ್ಯುವ ಮುನ್ನ ಮೊರ ಹಿಡಿದು ಕೂತು ಕರಿಕಾಳು ಆರಿಸುವ ತಾಳ್ಮೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ರಾಶಿಗೆ ರಾಶಿಯೇ ಕಪ್ಪಿಟ್ಟಿದ್ದರೆ ಅದನ್ನು ದಾಸೋಹಕ್ಕೂ ಕೊಡಬಾರದು, ಮನೆಯಲ್ಲೂ ಉಣ್ಣಬಾರದು.