ಟ್ರಂಕು ಹೊತ್ತ ಅಪ್ಪ, ಸೀರೆ ಉಟ್ಟ ವಿದ್ಯಾ

ಒಂದು ಲೆಕ್ಕ ಹಾಕೋಣ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ. ತುಂಗಭದ್ರೆ ದಂಡೆಯ ಊರು, ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇರೋ ಊರು. ಅಲ್ಲಿನ ಒಬ್ಬ ರೈತನ ಮಗನಿಗೆ ದೊಡ್ಡ ಕಾಯಿಲೆ ಬಂತು ಅಂದುಕೊಳ್ಳಿ. ಮೊದಲು ಮುಂಡರಗಿ. ಅಲ್ಲಾಗಲಿಲ್ಲ, ಗದಗ. ಅಲ್ಲೂ ಆಗಲಿಲ್ಲ, ಹುಬ್ಬಳ್ಳಿ ಕಿಮ್ಸ್. ಅಲ್ಲಿಂದಲೂ ‘ಬೆಂಗಳೂರಿಗೆ ಒಯ್ರಿ’ ಅಂದರೆ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಹೋಗುವಾಗ ಬಸ್ಸಿಗೆ ಎರಡು ಟಿಕೆಟ್. ಮಗ ಅಲ್ಲೇ ತೀರಿಕೊಂಡರೆ ಬರುವಾಗ? ಬಸ್ಸಿನಲ್ಲಿ ಹೆಣ ಹತ್ತಿಸಿಕೊಳ್ಳಲ್ಲ. ಆಂಬುಲೆನ್ಸ್ ಮಾಡಬೇಕು. ಔಷಧಕ್ಕೇ ಸಾಲ ಮಾಡಿ ಬಂದವನು ಆ ದುಡ್ಡನ್ನು ಎಲ್ಲಿಂದ ತರಬೇಕು?

ಉತ್ತರ ಕರ್ನಾಟಕದ ಒಬ್ಬ ಅಪ್ಪ ಹೀಗೇ ಸಿಕ್ಕಿಹಾಕಿಕೊಂಡಿದ್ದ. ಮಗನ ಹೆಣವನ್ನು ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಒಯ್ದ. ಮಕ್ಕಳ ವೈದ್ಯೆ ಆಶಾ ಬೆನಕಪ್ಪ ಆ ಘಟನೆಯನ್ನು ಬರೆದರು. ಅದನ್ನೇ ಇಟ್ಟುಕೊಂಡು ಮಂಸೋರೆ ‘ಹರಿವು’ ಸಿನಿಮಾ ಮಾಡಿದರು. 62ನೇ ರಾಷ್ಟ್ರಪ್ರಶಸ್ತಿಯಲ್ಲಿ ಅದಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅನ್ನೋ ಗೌರವ ಬಂತು. ಆ ಅಪ್ಪನ ಪಾತ್ರ ಮಾಡಿದವರು ಸಂಚಾರಿ ವಿಜಯ್.

ವಿಜಯ್ ನಮ್ಮ ಕಡೆಯವರಲ್ಲ. 1983ರಲ್ಲಿ ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ. ಸಿನಿಮಾದವರಿಗೆ ನಮ್ಮ ಭಾಷೆ ಅಂದರೆ ನಗಿಸೋ ಭಾಷೆ. ‘ಏನ್ರೀ’, ‘ಹೌದ್ರೀ’ ಅಂತ ನಾಲ್ಕು ಸಲ ಅಂದರೆ ಥಿಯೇಟರ್ ನಗಬೇಕು ಅಂತ ಅವರ ಲೆಕ್ಕ. ‘ಹರಿವು’ ನೋಡಿದವರು ಆ ಭಾಷೆ ಕೇಳಿ ನಗೋದಿಲ್ಲ. ಅಲ್ಲಿ ವಿಜಯ್ ಕಡಿಮೆ ಮಾತಾಡ್ತಾರೆ. ಟ್ರಂಕಿನ ಮೇಲೆ ಕೈ ಇಟ್ಟು ಕೂತ ಮನುಷ್ಯನ ಭುಜವನ್ನಷ್ಟೇ ನೋಡಿದರೂ ನಮಗೆ ಗೊತ್ತಾಗುತ್ತೆ, ಇವ ನಮ್ಮವ ಅಂತ.

ಹೆಸರಿನ ಮುಂದಿನ ‘ಸಂಚಾರಿ’ ಮನೆತನದ ಹೆಸರಲ್ಲ. ಎನ್. ಮಂಗಳಾ ಅವರ ‘ಸಂಚಾರಿ ಥಿಯೇಟರ್’ ತಂಡದಿಂದ ಬಂದದ್ದು. ಗದಗ ಜಿಲ್ಲೆಯವರಿಗೆ ನಾಟಕ ಅಂದರೆ ಕಂಪನಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ಶಿರಹಟ್ಟಿಯ ಹೆಸರಿನಲ್ಲೇ ಕಂಪನಿ ಇತ್ತು. ಪಂಚಾಕ್ಷರಿ ಗವಾಯಿಗಳು ಕೂಡ ಕಂಪನಿ ಕಟ್ಟಿ ಊರೂರು ತಿರುಗಿದರು. ಅಲ್ಲಿ ನಟನೆಯೇ ಹೊಟ್ಟೆಪಾಡು. ಬೆಂಗಳೂರಿನ ಹವ್ಯಾಸಿ ತಂಡಗಳ ಕತೆ ಬೇರೆ. ಹಗಲು ಬೇರೆ ಕೆಲಸ, ಸಂಜೆ ತಾಲೀಮು, ಟಿಕೆಟ್ ದುಡ್ಡು ರಂಗಮಂದಿರದ ಬಾಡಿಗೆಗೆ ಸಾಲೋದೂ ಕಷ್ಟ. ಅಂಥ ಕಡೆ ಪಳಗಿದ ವಿಜಯ್ 2011ರ ‘ರಂಗಪ್ಪ ಹೋಗ್ಬಿಟ್ನಾ’ ಸಿನಿಮಾದಿಂದ ಪರದೆಗೆ ಬಂದರು. ಸಣ್ಣಪುಟ್ಟ ಪಾತ್ರಗಳು. ಗಮನಿಸಿದವರು ಕಮ್ಮಿ.

ಆಮೇಲೆ ಬಂತು ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯ ಮೇಲೆ ನಿಂತ ಚಿತ್ರ. ಹುಡುಗನಾಗಿ ಹುಟ್ಟಿದ ಮಾದೇಶ ಹೆಣ್ಣಾಗಿ, ವಿದ್ಯಾ ಆಗಿ ಬದುಕಲು ಹೊರಡುವ ಕತೆ. ಇಲ್ಲೊಂದು ಸೂಕ್ಷ್ಮ ಇದೆ, ನೋಡಿ. ಗಂಡಸು ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡೋದು ನಮಗೆ ಹೊಸದಲ್ಲ. ಏಣಗಿ ಬಾಳಪ್ಪನವರೂ ಮೊದಮೊದಲು ಸ್ತ್ರೀಪಾತ್ರ ಮಾಡಿದವರೇ. ಆದರೆ ಕಂಪನಿಯ ಸ್ತ್ರೀಪಾತ್ರದಲ್ಲಿ, ಬಣ್ಣ ಹಚ್ಚಿದ ಮೇಲೆ ಒಳಗಿನ ಗಂಡಸು ಕಾಣಬಾರದು, ಅಷ್ಟೆ. ವಿಜಯ್ ಮಾಡಬೇಕಿದ್ದದ್ದು ಅದರ ತಿರುವುಮುರುವು. ಪ್ಯಾಂಟು ಶರ್ಟು ಹಾಕಿದ ಹುಡುಗನಲ್ಲೇ ಒಳಗಿನ ಹೆಣ್ಣು ಕಾಣಬೇಕು, ಅವಳು ತನ್ನನ್ನು ತಾನು ಬಚ್ಚಿಡುವ ಸಂಕಟವೂ ಕಾಣಬೇಕು. ಸ್ವಲ್ಪ ಜಾಸ್ತಿ ಆದರೆ ಅಣಕ ಆಗಿಬಿಡುತ್ತೆ. ನಮ್ಮ ಸಿನಿಮಾಗಳು ದಶಕಗಟ್ಟಲೆ ಮಾಡಿದ್ದು ಆ ಅಣಕವನ್ನೇ.

2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರನ್ನು ತೃತೀಯ ಲಿಂಗ ಎಂದು ಗುರುತಿಸಿ ತೀರ್ಪು ಕೊಟ್ಟಿತ್ತು. ಮರುವರ್ಷ, 2015ರ ಮಾರ್ಚ್‌ನಲ್ಲಿ, ಈ ಪಾತ್ರಕ್ಕೆ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಘೋಷಣೆ ಆಯಿತು. ಅತ್ಯುತ್ತಮ ನಟ. ಕನ್ನಡ ಚಿತ್ರಕ್ಕೆ ಈ ಪ್ರಶಸ್ತಿ ಅದಕ್ಕೂ ಮುಂಚೆ ಬಂದದ್ದು ಎರಡೇ ಸಲ: ‘ಚೋಮನ ದುಡಿ’ಗೆ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಗೆ ಚಾರುಹಾಸನ್. ಚಾರುಹಾಸನ್ ತಮಿಳಿನವರು. ಹಾಗೆ ಲೆಕ್ಕ ಹಾಕಿದರೆ ಕನ್ನಡದ ನಟನೊಬ್ಬ ಆ ಪ್ರಶಸ್ತಿ ತರೋಕೆ ಸುಮಾರು ನಲವತ್ತು ವರ್ಷ ಹಿಡಿಯಿತು. ಒಂದೇ ವರ್ಷ ಇವರ ಎರಡು ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ. ಆದರೂ ದೊಡ್ಡ ಬ್ಯಾನರುಗಳು ಇವರ ಮನೆ ಮುಂದೆ ಸಾಲು ನಿಲ್ಲಲಿಲ್ಲ. ‘ಕಿಲ್ಲಿಂಗ್ ವೀರಪ್ಪನ್’, ‘6ನೇ ಮೈಲಿ’, ‘ನಾತಿಚರಾಮಿ’, ‘ಆಕ್ಟ್ 1978’ ಅಂತ ಕೆಲಸ ಮಾಡ್ತಾ ಹೋದರು.

2021ರ ಕೊರೊನಾ ಎರಡನೇ ಅಲೆಯಲ್ಲಿ ವಿಜಯ್ ಗೆಳೆಯರ ಜೊತೆ ಸೇರಿ ರೋಗಿಗಳಿಗೆ ಆಕ್ಸಿಜನ್ ಒದಗಿಸುವ ಕೆಲಸಕ್ಕೆ ಇಳಿದಿದ್ದರು. ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಗೆಳೆಯನ ಬೈಕಿನ ಹಿಂದೆ ಕೂತಿದ್ದರು. ಬೈಕು ಜಾರಿತು, ತಲೆಗೆ ಪೆಟ್ಟಾಯಿತು. 14ನೇ ತಾರೀಕು ಮೆದುಳು ನಿಷ್ಕ್ರಿಯ ಅನ್ನೋ ಸುದ್ದಿ ಬಂತು. ಆಗಲೇ ‘ಇನ್ನಿಲ್ಲ’ ಅಂತ ಎಲ್ಲೆಡೆ ಹರಡಿಬಿಟ್ಟಿತು. ಸಾವು ಅಧಿಕೃತವಾಗಿ ಘೋಷಣೆಯಾದದ್ದು 15ರ ನಸುಕಿನಲ್ಲಿ. ಇನ್ನೂ 38 ತುಂಬಿರಲಿಲ್ಲ.

‘ಹೃದಯ ಬಡೀತಿದೆ, ಆದರೂ ಹೋದರು ಅಂತೀರಲ್ಲ, ಹೆಂಗೆ?’ ಅಂತ ಆ ದಿನ ಕೇಳಿದವರು ಒಬ್ಬಿಬ್ಬರಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಓಡೋ ಬೈಕು ಗಕ್ಕನೆ ನಿಂತರೂ ತಲೆಬುರುಡೆಯೊಳಗಿನ ಮೆದುಳು ಅದೇ ವೇಗದಲ್ಲಿ ಮುಂದೆ ಹೋಗಿ ಗೋಡೆಗೆ ಬಡಿಯುತ್ತೆ. ಇಂಜಿನಿಯರಿಂಗ್ ಮೊದಲ ವರ್ಷದ ಪಾಠ ಇದು. ಪೆಟ್ಟು ತಿಂದ ಮೆದುಳು ಊದಿಕೊಳ್ಳುತ್ತೆ, ಬುರುಡೆ ಹಿಗ್ಗಲ್ಲ, ಒತ್ತಡ ಏರಿ ರಕ್ತ ಹೋಗೋದೇ ನಿಲ್ಲುತ್ತೆ. ಉಸಿರಾಡು ಅಂತ ಆಜ್ಞೆ ಕೊಡುವ ಮೆದುಳಿನ ಬುಡವೇ ಸತ್ತರೆ ಮತ್ತೆ ವಾಪಸ್ ಬರೋದಿಲ್ಲ. ಹೃದಯಕ್ಕೆ ತನ್ನದೇ ಮಿಡಿತ ಇದೆ. ವೆಂಟಿಲೇಟರ್ ಗಾಳಿ ಕೊಡ್ತಿರುವಷ್ಟು ಹೊತ್ತು ಅದು ಬಡಿಯುತ್ತಾ ಇರುತ್ತೆ. ಕೋಮಾ ಬೇರೆ. ಕೋಮಾದಲ್ಲಿ ಮೆದುಳಿಗೆ ಇನ್ನೂ ಜೀವ ಇರುತ್ತೆ.

ಇದನ್ನು ಒಬ್ಬ ಡಾಕ್ಟರು ಹೇಳಿದರೆ ಸಾಲದು. ಅಂಗಾಂಗ ಕಸಿಯ 1994ರ ಕಾನೂನಿನ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಸಹಿ ಹಾಕಬೇಕು. ಕಣ್ಣಿಗೆ ಬೆಳಕು ಬಿಟ್ಟು ನೋಡ್ತಾರೆ, ಗಂಟಲು ಕೆರಳಿಸಿ ನೋಡ್ತಾರೆ, ವೆಂಟಿಲೇಟರ್ ತಪ್ಪಿಸಿ ಸ್ವಂತ ಉಸಿರು ಬರುತ್ತಾ ಅಂತ ಕಾಯ್ತಾರೆ. ಕನಿಷ್ಠ ಆರು ಗಂಟೆ ಬಿಟ್ಟು ಇದೆಲ್ಲ ಇನ್ನೊಂದು ಸಲ. ಆಮೇಲೇ ಮನೆಯವರನ್ನು ಕೇಳೋದು. ಅಂಗಾಂಗ ಯಾರಿಗೆ ಹೋಗಬೇಕು ಅನ್ನೋದನ್ನು ಸರದಿ ಪಟ್ಟಿ ನೋಡಿ ತೀರ್ಮಾನಿಸೋದು ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆ.

ವಿಜಯ್ ಮನೆಯವರು ಒಪ್ಪಿದರು. ಲಿವರ್, ಎರಡು ಕಿಡ್ನಿ, ಹೃದಯದ ಕವಾಟ, ಕಣ್ಣು ದಾನವಾದವು. ನಮ್ಮ ಹಳ್ಳಿಗಳಲ್ಲಿ ಇದರ ಮಾತೆತ್ತಿದರೆ ಮೊದಲು ಬರೋ ಪ್ರಶ್ನೆ, ‘ಹೆಣ ಕೊಯ್ದು ಚಿಂದಿ ಮಾಡ್ತಾರೇನ್ರೀ?’ ಇಲ್ಲ. ಆಪರೇಷನ್ ಥಿಯೇಟರಿನಲ್ಲಿ ತೆಗೆದು, ಹೊಲಿಗೆ ಹಾಕಿ, ನೋಡುವ ಹಾಗೆ ಕೊಡ್ತಾರೆ. ಎರಡನೇ ಪ್ರಶ್ನೆ, ‘ಬಿಲ್ಲು?’ ದಾನಕ್ಕೆ ಒಪ್ಪಿದ ಮೇಲೆ ದೇಹ ಕಾಯ್ದಿಡೋದಕ್ಕೆ, ಅಂಗ ತೆಗೆಯೋದಕ್ಕೆ ಆಗುವ ಖರ್ಚನ್ನು ದಾನಿಯ ಮನೆಯವರಿಂದ ವಸೂಲಿ ಮಾಡುವ ಹಾಗಿಲ್ಲ ಅಂತ ನಿಯಮವೇ ಇದೆ. ಕೇಳಿ, ಧೈರ್ಯವಾಗಿ ಕೇಳಿ.

ವಿಜಯ್ ಅಂತ್ಯಕ್ರಿಯೆ ಸರ್ಕಾರಿ ಗೌರವದೊಂದಿಗೆ ಪಂಚನಹಳ್ಳಿಯಲ್ಲಿ ಆಯಿತು. ‘ಪುಕ್ಸಟ್ಟೆ ಲೈಫು’, ‘ತಲೆದಂಡ’ ಆಮೇಲೆ ತೆರೆಗೆ ಬಂದವು. ‘ಹರಿವು’ ಎಲ್ಲಾದರೂ ಸಿಕ್ಕರೆ ಮನೆಮಂದಿ ಕೂತು ನೋಡಿ. ಹಾಡು ಕುಣಿತಕ್ಕೆ ಕಾಯಬೇಡಿ, ಸಿನಿಮಾ ನಿಧಾನ ಇದೆ.